ಅಜ್ಜಿಯ ಬಳಿ ಯಾವ ಕಾಗದವೂ ಇರಲಿಲ್ಲ

ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ ಚಿತ್ರವನ್ನು ನಾವು ಇತ್ತೀಚೆಗೆ ಮತ್ತೊಮ್ಮೆ ನೋಡಿದೆವು. ಮೈಸೂರಿನವರಾದ ಸತ್ಯು 1973ರಲ್ಲಿ ಮಾಡಿದ ಈ ಚಿತ್ರವನ್ನು ಸಾಮಾನ್ಯವಾಗಿ ದೇಶವಿಭಜನೆಯ ಚಿತ್ರವೆಂದು ಕರೆಯುತ್ತಾರೆ. ತಪ್ಪೇನಿಲ್ಲ. ಆದರೆ ಈ ಸಲ ನಮಗೆ ಅದು ಕಾಗದಪತ್ರಗಳ ಚಿತ್ರವಾಗಿ ಕಂಡಿತು. ಊರು ಬಿಟ್ಟು ಹೋಗುವವನಿಗೆ ಪಾಸ್‌ಪೋರ್ಟ್ ಬೇಕು, ಒಪ್ಪೋಣ. ಊರಲ್ಲೇ, ತನ್ನ ಮನೆಯಲ್ಲೇ ಉಳಿಯುವವನಿಗೆ ಏನು ಬೇಕು? ಈ ಪ್ರಶ್ನೆಯನ್ನು ಚಿತ್ರ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಅದರ ಒಂದೊಂದು ದೃಶ್ಯದ ಹಿಂದೆಯೂ ಇದೇ ನಿಂತಿದೆ.

ಮೂಲ ಕಥೆ ಇಸ್ಮತ್ ಚುಗ್ತಾಯಿಯವರದು. ಚಿತ್ರಕಥೆ ಬರೆದವರು ಕೈಫಿ ಆಜ್ಮಿ ಮತ್ತು ಶಮಾ ಜೈದಿ. ಆಗ್ರಾದ ಸಲೀಂ ಮಿರ್ಜಾ ಚಪ್ಪಲಿ, ಬೂಟುಗಳ ಕಾರ್ಖಾನೆ ನಡೆಸುವವರು. ಬಲರಾಜ್ ಸಾಹ್ನಿ ಈ ಪಾತ್ರ ಮಾಡಿ, ಚಿತ್ರ ತೆರೆ ಕಾಣುವ ಮೊದಲೇ ತೀರಿಕೊಂಡರು. ಅಣ್ಣ ಹಲೀಂ ಲೀಗಿನ ಮುಖಂಡ. ಇಲ್ಲೇ ಇರುತ್ತೇನೆಂದು ಭಾಷಣ ಮಾಡಿ, ಸದ್ದಿಲ್ಲದೆ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ಹವೇಲಿ ಇರುವುದು ಅವನ ಹೆಸರಿನಲ್ಲಿ. ಹೋದವನ ಆಸ್ತಿಯೆಂದು ಸರಕಾರ ಅದನ್ನು ವಶಪಡಿಸಿಕೊಳ್ಳುತ್ತದೆ. ಹೋಗದೆ ಉಳಿದವರು ಬಾಡಿಗೆ ಮನೆ ಹುಡುಕುತ್ತಾ ಅಲೆಯಬೇಕು. ಸಾಲ ಕೇಳಿದರೆ, ನೀವೂ ನಾಳೆ ಹೊರಟುಬಿಟ್ಟರೆ ಎಂಬ ಅನುಮಾನ.

ಮನೆ ಖಾಲಿ ಮಾಡುವ ದಿನ ಮಿರ್ಜಾರ ಮುದಿ ತಾಯಿ ಕಾಣೆಯಾಗುತ್ತಾರೆ. ಹುಡುಕಿದರೆ ಸೌದೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದಾರೆ! ಈ ಮನೆಗೆ ಸೊಸೆಯಾಗಿ ಬಂದವರು, ಇಲ್ಲೇ ಹೆತ್ತವರು. ಇಲ್ಲಿಯವರೆಂದು ತೋರಿಸಲು ಅವರ ಬಳಿ ಬೇರೆ ಏನಿದೆ? ಈ ವಿಷಯ ಬಂದಾಗಲೆಲ್ಲ ನಮ್ಮವರು ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯನ್ನು ನೆನೆಯುತ್ತಾರೆ. ಅದು ದೊಡ್ಡ ಕಥೆಯೇ. ಆದರೂ ಕಥೆ ಬರೆಯುವವರಾಗಿ ನಾವು ಸೌದೆ ಕೋಣೆಯ ಈ ಅಜ್ಜಿಗೆ ಹೆಚ್ಚು ಅಂಕ ಕೊಡುತ್ತೇವೆ. ಮಂಟೋ ಅವರ ಬಿಷನ್ ಸಿಂಗ್ ಹುಚ್ಚನೆಂದು ಓದುಗನಿಗೆ ಒಂದು ಸಮಾಧಾನವಿದೆ. ಅಜ್ಜಿಯ ಬುದ್ಧಿ ನೆಟ್ಟಗಿದೆ.

ಮಗಳು ಆಮಿನಾಳನ್ನು ಮದುವೆಯಾಗಲು ಹಲೀಮನ ಮಗ ಕಾಜಿಮ್ ಗಡಿ ದಾಟಿ ಹಿಂದಿರುಗುತ್ತಾನೆ. ಹುಟ್ಟಿದ ಊರಿಗೇ ಬಂದಿದ್ದಾನೆ. ಆದರೆ ಕೈಯಲ್ಲಿ ಕಾಗದವಿಲ್ಲ. ಪೊಲೀಸರು ಮದುವೆಗೆ ಮೊದಲೇ ಹಿಡಿದೊಯ್ಯುತ್ತಾರೆ. ಇತಿಹಾಸದಲ್ಲಿ ನಡೆದದ್ದೂ ಹೀಗೆಯೇ. 1948ರಲ್ಲಿ ಎರಡು ದೇಶಗಳ ನಡುವೆ ಪರ್ಮಿಟ್ ಬಂತು, 1952ರಲ್ಲಿ ಪಾಸ್‌ಪೋರ್ಟ್ ಬಂತು. ಅಳಿಯ, ಮಾವ, ಚಿಕ್ಕಪ್ಪ ಎನ್ನುವ ಮಾತುಗಳಿಗೆ ಮೊಹರು ಬೇಕಾಯಿತು. ಇದನ್ನು ಚಿತ್ರ ತುಸು ಅವಸರದಲ್ಲಿ, ಪ್ರೇಮಕಥೆಯ ವಿಘ್ನವೆಂಬಂತೆ ದಾಟಿಬಿಡುತ್ತದೆ ಎಂಬುದು ನಮ್ಮ ತಕರಾರು. ಅದಕ್ಕಿಂತ ಗಟ್ಟಿಯಾದದ್ದು ಮಿರ್ಜಾರ ಮೇಲೆ ಬರುವ ಬೇಹುಗಾರಿಕೆಯ ಆರೋಪ. ಅಣ್ಣನಿಗೆ ಅವರು ಕಳಿಸಿದ್ದು ಹವೇಲಿಯ ನಕ್ಷೆ. ಸ್ವಂತ ಮನೆಯ ನಕ್ಷೆಯೇ ಸಂಶಯದ ಕಾಗದವಾಗುತ್ತದೆ. ಕೋರ್ಟು ಬಿಡುಗಡೆ ಮಾಡಿದರೂ ಬೀದಿ ಬಿಡುವುದಿಲ್ಲ.

ಹಳೆಯ ಚಿತ್ರದ ಮಾತು ಈಗೇಕೆ ಎಂದು ಓದುಗರು ಕೇಳಬಹುದು. ನಮ್ಮ ದೇಶದಲ್ಲಿ ನಾಗರಿಕನು ಮನೆಯಿಂದ ಸಂತೆಗೆ ಹೋಗುವಾಗ ಗುರುತಿನ ಚೀಟಿ ಜೇಬಿನಲ್ಲಿರಲೇಬೇಕೆಂಬ ಕಾನೂನು ಇಲ್ಲ. ಪಾಸ್‌ಪೋರ್ಟ್ ಇರುವುದು ದೇಶದಿಂದ ಹೊರಗೆ ಹೋಗುವವರಿಗೆ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ರಾಷ್ಟ್ರೀಯ ಗುರುತಿನ ಚೀಟಿಯ ಮಾತು ಪೌರತ್ವ ಕಾಯ್ದೆಗೆ 2003ರ ತಿದ್ದುಪಡಿಯಲ್ಲಿ ಸೇರಿದೆಯಾದರೂ ಆ ಚೀಟಿ ನಮ್ಮ ನಿಮ್ಮ ಮನೆಗೆ ಬಂದಿಲ್ಲ. ಹಾಗಾದರೆ ಮನೆಯಲ್ಲಿ ಕುಳಿತವನು ಏನನ್ನು ತೋರಿಸಬೇಕು? ಆದರೂ ಒಬ್ಬನನ್ನು ವಿದೇಶಿಯೆಂದು ಶಂಕಿಸಿದರೆ, ಅಲ್ಲವೆಂದು ಸಾಬೀತು ಮಾಡುವ ಹೊರೆ ಅವನದೇ. 1946ರಲ್ಲಿ ಬ್ರಿಟಿಷರು ಬರೆದಿಟ್ಟ ಈ ನಿಯಮ 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಗಡಿ ದಾಟಿ ಎಲ್ಲಿಗೂ ಹೋಗದವರನ್ನೂ ಗಡಿಯೇ ಹುಡುಕಿಕೊಂಡು ಬಂದಿತ್ತು.

ಚೀಟಿ ತೋರಿಸಿದರೆ ನಷ್ಟವೇನು ಎನ್ನುವ ಸ್ನೇಹಿತರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಚೀಟಿಗಾಗಿ ಮುಂಜಾನೆಯಿಂದ ಸರತಿಯಲ್ಲಿ ನಿಲ್ಲುವವರು ಬಡವರೇ; ಪಡಿತರ ಅಕ್ಕಿಗೆ, ಆಸ್ಪತ್ರೆಗೆ, ಪಿಂಚಣಿಗೆ ಅದು ಬೇಕು. ಏನನ್ನಾದರೂ ಪಡೆಯಲು ಚೀಟಿ ಕೇಳಲಿ, ನಮ್ಮ ಅಡ್ಡಿಯಿಲ್ಲ. ಇರುವುದಕ್ಕೇ ಚೀಟಿ ಕೇಳಿದಾಗ ಮಾತು ಬೇರೆಯಾಗುತ್ತದೆ. ನಮ್ಮ ತಾಯಿಯ ಹೆಸರಿನ ಕೊನೆಗೆ ಒಂದು ಚೀಟಿಯಲ್ಲಿ ‘ಬೀ’ ಇದೆ, ಇನ್ನೊಂದರಲ್ಲಿ ‘ಬೇಗಂ’, ಮತ್ತೊಂದರಲ್ಲಿ ‘ಬಾನು’. ಹುಟ್ಟಿದ ದಿನ ಯಾವುದೆಂದರೆ, ಕೆರೆ ಕೋಡಿ ಬಿದ್ದ ವರ್ಷ, ರಂಜಾನಿನ ಹಿಂದಿನ ವಾರ ಎನ್ನುತ್ತಾರೆ. ವಿಧವಾ ವೇತನಕ್ಕೆ ಹೋದಾಗ ಕಚೇರಿಯ ಗುಮಾಸ್ತರು ಮೂರನ್ನೂ ಮೇಜಿನ ಮೇಲೆ ಹರಡಿ, “ಈ ಮೂವರಲ್ಲಿ ನೀವು ಯಾರಮ್ಮಾ?” ಎಂದು ಕೇಳಿದರು. “ಮೂವರೂ ನಾನೇ ಕಣಪ್ಪಾ, ಒಬ್ಬಳಿಗೆ ಕೊಟ್ಟರೆ ಸಾಕು” ಎಂದರು ತಾಯಿ. ಅಂದು ನಕ್ಕು ಮನೆಗೆ ಬಂದೆವು. ಬೇಕಾಗಿದ್ದುದು ಪಿಂಚಣಿಯಾದ್ದರಿಂದ ನಗಲು ಸಾಧ್ಯವಾಯಿತು.

ಇಲ್ಲೊಂದು ತಮಾಷೆ ನೋಡಿ. ಅರ್ಜಿ, ದಾಖಲೆ, ನಕಲು, ಮೊಹರು, ಗುಮಾಸ್ತ, ತಹಶೀಲ್ದಾರ, ಕೊನೆಗೆ ಕಾಗದ ಎಂಬ ಮಾತೂ ಕನ್ನಡಕ್ಕೆ ಬಂದದ್ದು ಪಾರಸಿ, ಅರಬಿ, ಉರ್ದುಗಳ ದಾರಿಯಲ್ಲಿ. ಅವು ಯಾವ ವರ್ಷ ಬಂದವೆಂದು ಯಾರೂ ಕೇಳಿಲ್ಲ. ಕೇಳುವುದಕ್ಕೂ ಅವೇ ಬೇಕಲ್ಲ!

ಚಿತ್ರಕ್ಕೂ ಕಾಗದದ ಕಾಟ ತಪ್ಪಲಿಲ್ಲ. ಗಲಭೆಯಾದೀತೆಂಬ ಭಯದಲ್ಲಿ ಸೆನ್ಸಾರ್ ಪ್ರಮಾಣಪತ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಬಿಡುಗಡೆಯಾದ ಮೇಲೆ ಗಲಭೆಯಾಗಲಿಲ್ಲ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೇ ಬಂತು.

ಕೊನೆಯಲ್ಲಿ ಪಾಕಿಸ್ತಾನಕ್ಕೆಂದು ಟಾಂಗಾ ಏರಿದ ಮಿರ್ಜಾ ದಾರಿಯಲ್ಲಿ ಇಳಿದು, ಕೆಲಸ ಕೇಳುವ ಯುವಕರ ಮೆರವಣಿಗೆಗೆ ಸೇರುತ್ತಾರೆ. ಇದನ್ನು ಮೆಚ್ಚದವರು ಕಡಿಮೆ. ನಮಗೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ. ಮೆರವಣಿಗೆಯಲ್ಲಿ ಯಾರೂ ಚೀಟಿ ಕೇಳುವುದಿಲ್ಲ, ನಿಜ. ಆದರೆ ಸಂಜೆಯಾದ ಮೇಲೆ ಮಿರ್ಜಾ ಮನೆಗೆ ಹೋಗಬೇಕು, ಬಾಗಿಲು ತಟ್ಟುವವರು ಅಲ್ಲಿಗೇ ಬರುತ್ತಾರೆ. ಚಿತ್ರ ಇದಕ್ಕೆ ಉತ್ತರ ಕೊಟ್ಟದ್ದು ಬಹಳ ಮೊದಲೇ, ಅಜ್ಜಿಯ ಕೊನೆಯ ದೃಶ್ಯದಲ್ಲಿ. ಬಾಡಿಗೆ ಮನೆಯಲ್ಲಿ ಜೀವ ಹೋಗದೆ ಅವರು ಒದ್ದಾಡುತ್ತಾರೆ. ಹವೇಲಿಯಲ್ಲಿ ಈಗಿರುವವನು ಸಿಂಧಿನಿಂದ ಎಲ್ಲ ಕಳೆದುಕೊಂಡು ಬಂದ ವ್ಯಾಪಾರಿ ಅಜ್ಮಾನಿ. ಅವನ ಕೈಯಲ್ಲಿ ಸರಕಾರದ ಪತ್ರವಿದೆ. ಅಜ್ಜಿಯನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದಾಗ ಅವನು ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ.