ಕೂತು ಕೇಳುವವರ ತೀರ್ಪು

ಡಿಸ್ಕೊ, ಅದರಿಂದ ಬೆಳೆದ ಹೌಸ್ ಎಂದರೆ ನಮ್ಮ ಸಂಗೀತ ರಸಿಕರಲ್ಲಿ ಎರಡು ತೀರ್ಪುಗಳು ಚಾಲ್ತಿಯಲ್ಲಿವೆ. ಹಳೆಯದು: ಅದು ಮಷೀನಿನ ಬಡಿತ, ಕುಡಿದು ಕುಣಿಯುವವರಿಗೆ ಸಾಕು. ಈಚಿನದು ಓದಿಕೊಂಡವರದು: ಅದು ಅಮೆರಿಕದ ಕಪ್ಪು ಜನರ, ಸಲಿಂಗಪ್ರೇಮಿಗಳ ಹೋರಾಟದ ಭಾಗ, ಆದ್ದರಿಂದ ಗೌರವಿಸೋಣ. ಮೊದಲನೆಯದಕ್ಕೆ ನನ್ನ ಕಿವಿ ದಡ್ಡುಗಟ್ಟಿದೆ. ರೇಗಿಸುವುದು ಎರಡನೆಯದು. ಸಂಗೀತವಾಗಿ ಹೇಳುವುದಕ್ಕೆ ಏನೂ ಇಲ್ಲ, ಚರಿತ್ರೆಯಾಗಿ ಮಾತ್ರ ಇದೆ ಎಂದು ಹೊಗಳುತ್ತಲೇ ಅದು ಒಪ್ಪಿಕೊಂಡುಬಿಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಯಾರಾದರೂ ಧಾರವಾಡದ ಸಮಾಜಶಾಸ್ತ್ರವೆಂದು ಮಾತ್ರ ಕೊಂಡಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಚರಿತ್ರೆ ಎಲ್ಲರಿಗೂ ಬಾಯಿಪಾಠವಾಗಿದೆ. 1979ರ ಜುಲೈ 12ರಂದು ಷಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೊ ಡಿಜೆ ಸ್ಟೀವ್ ಡಾಲ್ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಿದ. ಜನ ಮೈದಾನಕ್ಕೆ ನುಗ್ಗಿದರು. ಅಂದಿನ ಎರಡು ಪಂದ್ಯಗಳಲ್ಲಿ ಎರಡನೆಯದು ನಡೆಯಲಿಲ್ಲ. ಅಂದೇ ಡಿಸ್ಕೊ ಸತ್ತಿತಂತೆ. ಅದೇ ಊರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ 1977ರಿಂದ ಡಿಸ್ಕೊ ನುಡಿಸುತ್ತಿದ್ದ ಡಿಜೆ ಫ್ರ್ಯಾಂಕಿ ನಕಲ್ಸ್‌ಗೆ ಈ ಸಾವಿನ ಸುದ್ದಿ ಮುಟ್ಟಿದ ಹಾಗೆ ಕಾಣುವುದಿಲ್ಲ. ಅಂದು ಮೈದಾನದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ಹುಡುಗ ವಿನ್ಸ್ ಲಾರೆನ್ಸ್. 1984ರಲ್ಲಿ ಜೆಸ್ಸಿ ಸಾಂಡರ್ಸ್ ಹೊರತಂದ, ಹೌಸ್‌ನ ಮೊದಲ ರೆಕಾರ್ಡು ಎಂದು ಹೆಸರಾದ ‘ಆನ್ ಅಂಡ್ ಆನ್’ನಲ್ಲಿ ಅವನ ಕೈಯೂ ಇತ್ತು. ಒಳ್ಳೆಯ ಕಥೆ. ಆದರೆ ಆ ರೆಕಾರ್ಡನ್ನು ನಾನು ಕಥೆಯ ಸಲುವಾಗಿ ಕೇಳಿದ್ದೇನೆಯೇ ಹೊರತು ಸುಖಕ್ಕಾಗಿ ಕೇಳಿದ್ದಿಲ್ಲ.

ಸುಖಕ್ಕಾಗಿ ಕೇಳುವುದು ಲ್ಯಾರಿ ಹರ್ಡ್‌ನನ್ನು. ಈ ಇಡೀ ಪರಂಪರೆಯನ್ನು ನಾನು ಅಳೆಯುವುದು ಅವನಿಂದಲೇ. ಅಳತೆ ಸರಿಯಿಲ್ಲ ಎನ್ನುವವರು ಬೇರೆ ಕೋಲು ಹಿಡಿಯಲಿ. 1960ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಹರ್ಡ್ ಬ್ಯಾಂಡುಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಮನೆಗೆ ಒಂದು ರೋಲ್ಯಾಂಡ್ ಜೂನೊ-60 ಸಿಂಥಸೈಜರ್, ಒಂದು ಡ್ರಮ್ ಮಷೀನ್ ತಂದುಕೊಂಡು ಒಬ್ಬನೇ ಕೂತ. 1986ರಲ್ಲಿ ಮಿಸ್ಟರ್ ಫಿಂಗರ್ಸ್ ಎಂಬ ಹೆಸರಿನಲ್ಲಿ ಬಂದ ‘ಕ್ಯಾನ್ ಯೂ ಫೀಲ್ ಇಟ್’ ಅಂಥ ಏಕಾಂತದ ಫಲ.

ಅದರಲ್ಲಿ ನಡೆಯುವುದೇನು? ಕಿಕ್ ಡ್ರಮ್ ನಾಲ್ಕೂ ಪೆಟ್ಟಿಗೆ ತಪ್ಪದೆ ಬೀಳುತ್ತದೆ. ಬಾಸ್ ಅದಕ್ಕೆ ಅಂಟಿಕೊಳ್ಳದೆ ಪೆಟ್ಟುಗಳ ನಡುವಿನ ಎಡೆಗಳಲ್ಲಿ ನುಸುಳಿ ಓಡಾಡುತ್ತದೆ. ಮೇಲೆ ಹರಡಿಕೊಂಡ ಮೈನರ್ ಕಾರ್ಡುಗಳಿಗೆ ಬಾಸಿನ ಅವಸರವಿಲ್ಲ. ಅವುಗಳ ಆವರ್ತ ದೊಡ್ಡದು. ಹೀಗೆ ಒಂದೇ ತಾಳದೊಳಗೆ ಮೂರು ನಡಿಗೆಗಳು. ಕಾಲು ಒಂದನ್ನು ಹಿಡಿದರೆ ಸೊಂಟ ಇನ್ನೊಂದನ್ನು ಹಿಡಿಯುತ್ತದೆ, ಮನಸ್ಸು ಮೂರನೆಯದರ ಹಿಂದೆ ಹೋಗುತ್ತದೆ. ಡ್ರಮ್ಸ್ ನುಡಿಸಿದವನಿಗೆ ಮಾತ್ರ ಹೊಳೆಯಬಹುದಾದ ಲಯಸಂಯೋಜನೆ ಇದು. ಯಂತ್ರಕ್ಕೆ ವಿಷಾದ ಬಾರದು ಎನ್ನುವವರು ಈ ಒಂದು ರೆಕಾರ್ಡಿಗೆ ಉತ್ತರ ಹೇಳಬೇಕು.

ಆದರೂ ಇದಿಷ್ಟೇ ಸಾಲದು ಎಂದು ಕೆಲವರಿಗೆ ಅನ್ನಿಸಿತು. ಇದರ ಮೇಲೆ ಹೌಸ್ ಸಂಗೀತದ ಸೃಷ್ಟಿಪುರಾಣವನ್ನು ಉಪದೇಶದ ಧಾಟಿಯಲ್ಲಿ ಹೇಳುವ ಮಾತನ್ನು ಅಂಟಿಸಿದರು. ಇನ್ನೊಂದು ಆವೃತ್ತಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಭಾಷಣ. ಕೇಳುಗರಲ್ಲಿ ಅನೇಕರು ಮೆಚ್ಚುವುದು ಈ ಮಾತಿನ ಆವೃತ್ತಿಗಳನ್ನೇ. ನನಗೆ ಅವನ್ನು ಸಹಿಸಲಾಗುವುದಿಲ್ಲ. ಕಿಂಗ್‌ರ ಭಾಷಣಕ್ಕೆ ಹಿನ್ನೆಲೆ ಸಂಗೀತ ಬೇಕಿರಲಿಲ್ಲ, ಹರ್ಡ್‌ನ ಬಾಸಿಗೆ ಭಾಷಣ ಬೇಕಿರಲಿಲ್ಲ. ಇನ್ನು ತಮ್ಮ ರೆಕಾರ್ಡುಗಳಿಂದ ಬರಬೇಕಾದ ಹಣಕ್ಕೂ ಹಕ್ಕಿಗೂ ಹರ್ಡ್ ಮತ್ತು ಗಾಯಕ ರಾಬರ್ಟ್ ಓವೆನ್ಸ್ ಟ್ರ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿಯ ಮೇಲೆ 2020ರಲ್ಲಿ ಮೊಕದ್ದಮೆ ಹೂಡಬೇಕಾಯಿತು, 2022ರಲ್ಲಿ ರಾಜಿಯಾಯಿತು.

ಮಾತಿಲ್ಲದೆ ಅರ್ಥವಿಲ್ಲ ಎಂಬ ಕಾಯಿಲೆ ನಮಗೂ ಹೊಸದಲ್ಲ. ಬೆಂಗಳೂರಿನ ಯಾವ ಸಭೆಗಾದರೂ ಹೋಗಿ ನೋಡಿ: ಕೃತಿಯ ಸಾಹಿತ್ಯಕ್ಕೆ ತಲೆದೂಗುತ್ತ ಕೂತವರು ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕ್ಯಾಂಟೀನಿಗೆ ನಡೆಯುತ್ತಾರೆ. ಮೃದಂಗ ಒಂಟಿಯಾಗಿ ಮಾತಾಡುವ ಹೊತ್ತು ನಮಗೆ ಕಾಫಿಯ ಹೊತ್ತು. ಇಂಥ ರಸಿಕರು ಹೌಸ್ ಸಂಗೀತದಲ್ಲಿ ಸಾಹಿತ್ಯವಿಲ್ಲ, ಬೆಳವಣಿಗೆಯಿಲ್ಲ, ಒಂದೇ ಸಮನೆ ಸುತ್ತುತ್ತದೆ ಎಂದು ದೂರಿದರೆ ನನಗೆ ನಗು ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆ ತಬಲಾ ಸೋಲೊ ಕೇಳಿದವರಾದರೂ ಹೀಗೆನ್ನಬಾರದು. ಹಾರ್ಮೋನಿಯಂ ಒಂದೇ ಲೆಹರಾವನ್ನು ಬೇಸರವಿಲ್ಲದೆ ಸುತ್ತಿಸುತ್ತಿರುತ್ತದೆ. ಅದು ಕದಲದೆ ಇರುವುದರಿಂದಲೇ ತಬಲಾದ ಒಂದೊಂದು ಕದಲಿಕೆಯೂ ಕೇಳಿಸುತ್ತದೆ. ಹೌಸ್‌ನಲ್ಲಿ ಮೇಲೆ ಕೂತು ಮೆರೆಯುವ ಉಸ್ತಾದನಿಲ್ಲ, ಅಷ್ಟೇ. ಹೈಹ್ಯಾಟ್ ಬಂದು ಸೇರುವುದು, ಫಿಲ್ಟರ್ ತುಸು ತೆರೆಯುವುದು, ಇವೇ ಘಟನೆಗಳು. ನಮ್ಮ ಅಸಲು ತಕರಾರು ಪುನರಾವರ್ತನೆಯ ಮೇಲಲ್ಲ, ದೇಹದ ಮೇಲೆ ಎಂದು ನನ್ನ ಗುಮಾನಿ. ಎದ್ದು ಕುಣಿದರೆ ಕೇಳಿದ ಹಾಗಲ್ಲ ಎಂದು ಯಾವ ಶಾಸ್ತ್ರ ಹೇಳಿತು? ಹರಿದಾಸರು ಕಾಲಿಗೆ ಗೆಜ್ಜೆ ಕಟ್ಟಿದ್ದನ್ನು ಕೂತಲ್ಲೇ ಸ್ಮರಿಸಿ ಕೈಮುಗಿಯುವವರು ನಾವು.

ದೇಹ ಬೇಡವಾದವರಿಗೆ ಹೆಮ್ಮೆಯಾದರೂ ಬೇಕು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಟಿಬಿ-303, ಟಿಆರ್-808 ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. 2010ರಲ್ಲಿ ಆ ಎಲ್‌ಪಿ ಮರುಬಿಡುಗಡೆಯಾದಾಗಿನಿಂದ ಹೌಸ್‌ನ ಒಂದು ಕವಲಾದ ಆಸಿಡ್ ಹೌಸನ್ನು ಕಂಡುಹಿಡಿದದ್ದು ಭಾರತ ಎಂಬ ಡಂಗುರ ನಿಂತಿಲ್ಲ. ಆದರೆ 1987ರ ‘ಆಸಿಡ್ ಟ್ರ್ಯಾಕ್ಸ್’ನಲ್ಲಿ ಫ್ಯೂಚರ್ ತಂಡದವರು ಅದೇ 303ರ ಗುಂಡಿಗಳನ್ನು ತಿರುಚಿ ಅದರ ಧ್ವನಿಯನ್ನೇ ಕಥಾನಾಯಕನನ್ನಾಗಿ ಮಾಡಿದರು. ಸಿಂಗ್‌ಗೆ ಬೇಕಿದ್ದದ್ದು ರಾಗ. ಅವರ ಭೈರವ್ ನನಗೆ ಇಷ್ಟ. ಅದನ್ನು ಪೇಟೆಂಟ್ ಅರ್ಜಿಯಾಗಿಸುವುದು ಇಷ್ಟವಿಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ಹೋದ ನಮ್ಮ ಸಂಗೀತ ನಿರ್ಮಾಪಕ ಬಿದ್ದು ಅವರ ಗತಿಯೂ ಇದೇ. ಅವರು ನಿರ್ಮಿಸಿದ 1974ರ ‘ಕುಂಗ್ ಫು ಫೈಟಿಂಗ್’ ಎಷ್ಟು ಮಾರಾಟವಾಯಿತು ಎಂದು ಹೇಳುವವರು ಸಿಗುತ್ತಾರೆ, 1981ರ ‘ಡಿಸ್ಕೊ ದೀವಾನೆ’ಯಲ್ಲಿ ನಾಜಿಯಾ ಹಸನ್‌ಳ ಎಳೆಯ ದನಿಗೆ ಅವರು ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ಹೇಳುವವರಿಲ್ಲ.

ಈಗಿನ ದೊಡ್ಡ ಉತ್ಸವಗಳ ಇಡಿಎಮ್ ಬಗ್ಗೆ ಹೆಚ್ಚು ಬರೆಯಲಾರೆ. ಅದು ಕಾಯಿಸಿ ಕಾಯಿಸಿ ಪಟಾಕಿ ಹಚ್ಚುತ್ತದೆ. ಹರ್ಡ್ ಕಾಯಿಸುವುದೇ ಇಲ್ಲ, ಮೊದಲ ನಿಮಿಷದಲ್ಲೇ ಕೊಡಬೇಕಾದದ್ದನ್ನೆಲ್ಲ ಕೊಟ್ಟು ಅಲ್ಲೇ ಇರಲು ಬಿಡುತ್ತಾನೆ.

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ: ಮೊದಲು ‘ಕ್ಯಾನ್ ಯೂ ಫೀಲ್ ಇಟ್’, ಮಾತಿಲ್ಲದ್ದು. ಆಮೇಲೆ ಹರ್ಡ್ ಮತ್ತು ಓವೆನ್ಸ್ ಇದ್ದ ಫಿಂಗರ್ಸ್ ಇಂಕ್ ತಂಡದ ‘ಅನದರ್ ಸೈಡ್’, 1988ರದ್ದು. ಸಿಂಥಸೈಜರಿನ ಬೇರು ಬೇಕಿದ್ದರೆ 1977ರ ಡೊನ್ನಾ ಸಮರ್, ಜಾರ್ಜಿಯೊ ಮೊರೊಡರ್ ಅವರ ‘ಐ ಫೀಲ್ ಲವ್’. ಅದಕ್ಕೂ ಹಿಂದೆ ಹೋಗುವುದಾದರೆ 1973ರ ‘ದ ಲವ್ ಐ ಲಾಸ್ಟ್’, ಅದರಲ್ಲಿ ಡ್ರಮ್ಸ್ ಅರ್ಲ್ ಯಂಗ್‌ನದು, ಹೈಹ್ಯಾಟ್ ಮೇಲೆ ಕಿವಿಯಿರಲಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅದರಲ್ಲಿ ಬಾಸ್ ಬರುವುದಿಲ್ಲ. ಸಾಧ್ಯವಾದರೆ ಕುರ್ಚಿಯನ್ನೂ ಆಚೆ ಸರಿಸಿ.