ಹೆಡೆಗೆ ಚಪ್ಪಾಳೆ, ಎಕ್ಸ್-31ಕ್ಕೆ ಮರೆವು

ಬೀದರ್ ವಾಯುನೆಲೆಯ ಹಾಕ್ ವಿಮಾನಗಳು ಹುಮನಾಬಾದ್, ಬಸವಕಲ್ಯಾಣದವರಿಗೆ ಹೊಸವಲ್ಲ. ಅವನ್ನು ಕಂಡ ಹುಡುಗರ ಪ್ರಶ್ನೆ ಒಂದೇ: ‘ಇದು ಸುಖೋಯ್‌ನಂಗ ಹೆಡಿ ಎತ್ತತದೇನ್ರಿ?’ ಎಂಜಿನ್ನಿನಿಂದ ಹೊರಬೀಳುವ ಬಿಸಿಗಾಳಿಯ ದಿಕ್ಕನ್ನೇ ತಿರುಗಿಸಿ ವಿಮಾನವನ್ನು ಹೊರಳಿಸುವ ಥ್ರಸ್ಟ್ ವೆಕ್ಟರಿಂಗ್ ನಮ್ಮಲ್ಲಿ ಹೆಸರಾದದ್ದು ಮೂತಿಯನ್ನು ನಾಗರಹೆಡೆಯಂತೆ ಎತ್ತುವ ಈ ‘ಕೋಬ್ರಾ’ ಕಸರತ್ತಿನಿಂದ. ಆ ಹೆಸರು ತಪ್ಪು ಮನೆ ಸೇರಿದೆ.

ಯಲಹಂಕದ ವೈಮಾನಿಕ ಪ್ರದರ್ಶನ ಬಂದಾಗಲೆಲ್ಲ ನಮ್ಮ ಹಲವು ರಕ್ಷಣಾ ಬರಹಗಾರರು ಕೋಬ್ರಾವನ್ನು ವೆಕ್ಟರಿಂಗ್‌ನ ಶಿಖರವೆಂದು ಬರೆಯುತ್ತಾರೆ. 1989ರಲ್ಲಿ ಪ್ಯಾರಿಸ್‌ನಲ್ಲಿ ವಿಕ್ಟರ್ ಪುಗಚೋವ್ ಅದನ್ನು ತೋರಿಸಿದ್ದು ಸುಖೋಯ್-27ರಲ್ಲಿ. ಅದರ ಎಂಜಿನ್ನಿನ ಬಾಯಿಗಳಾದ ನಾಝಲ್‌ಗಳು ದಿಕ್ಕು ಬದಲಿಸುವಂಥವೇ ಅಲ್ಲ. ಮೂತಿ ಲಂಬವನ್ನೂ ದಾಟಿ ಎದ್ದು ಇಳಿಯಿತು, ವಿಮಾನ ಹೊರಟ ದಾರಿಯಲ್ಲೇ ಸಾಗಿತು. ವೇಗ ಹೋಯಿತು, ದಿಕ್ಕು ಬದಲಾಗಲಿಲ್ಲ. ಇಷ್ಟನ್ನೂ ನೋಡದೆ ಹೊಗಳುವುದು ವಿಮರ್ಶೆಯಲ್ಲ.

ಗಮನ ಸಲ್ಲಬೇಕಾದದ್ದು ಅಮೆರಿಕ, ಜರ್ಮನಿ ಕೂಡಿ ಕಟ್ಟಿ 1990ರ ಅಕ್ಟೋಬರಿನಲ್ಲಿ ಹಾರಿಸಿದ ಪ್ರಯೋಗ ವಿಮಾನ ಎಕ್ಸ್-31ಕ್ಕೆ. ಎಂಜಿನ್ನಿನ ಬಾಯಿಯ ಸುತ್ತ ಮೂರು ಇಂಗಾಲದ ಹಲಗೆಗಳು; ಉರಿಗಾಳಿಗೆ ಅಡ್ಡ ಬಾಗಿ ಅದನ್ನು ಪಕ್ಕಕ್ಕೆ ತಳ್ಳುವುದೇ ಅವುಗಳ ಕೆಲಸ. 1993ರ ಏಪ್ರಿಲ್ 29ರಂದು ಅದು ಮಾಡಿದ ‘ಹರ್ಬ್ಸ್ಟ್ ತಿರುವ’ನ್ನು ನಿಧಾನವಾಗಿ ನೋಡಿ. ವೇಗವಾಗಿ ಬಂದ ವಿಮಾನ ಮೂತಿ ಎತ್ತುತ್ತದೆ. ಗಾಳಿಗೂ ರೆಕ್ಕೆಗೂ ನಡುವಿನ ಕೋನ 70 ಡಿಗ್ರಿಯವರೆಗೆ ಏರುತ್ತದೆ. ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿದೆ. ಬಾಲದ ಚುಕ್ಕಾಣಿ ತಿರುಗಿಸಿದರೂ ಫಲವಿಲ್ಲ. ಬೇರೆ ವಿಮಾನವಾದರೆ ಗಿರಕಿ ಹೊಡೆದು ಬೀಳುವ ಹೊತ್ತು. ಆಗ ಹಲಗೆಗಳು ದುಡಿಯತೊಡಗುತ್ತವೆ. ವಿಮಾನ ತಾನು ಸಾಗುತ್ತಿರುವ ದಿಕ್ಕನ್ನೇ ಅಚ್ಚು ಮಾಡಿಕೊಂಡು ಹೊರಳಿ, ಮೂತಿ ತಗ್ಗಿಸಿ, ಬಂದ ದಾರಿಗೆ ಮುಖಮಾಡಿ ಮತ್ತೆ ವೇಗ ಕೂಡಿಸಿಕೊಳ್ಳುತ್ತದೆ. ಕೋಬ್ರಾ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ತಿರುವು ಶುರು.

ದೂರದ ಕ್ಷಿಪಣಿಗಳ ಕಾಲದಲ್ಲಿ ಇದೆಲ್ಲ ಸರ್ಕಸ್ಸು ಎನ್ನುವ ಇನ್ನೊಂದು ಪಂಗಡವಿದೆ. ವೇಗ ಕಳೆದುಕೊಂಡ ವಿಮಾನ ಎರಡನೆಯ ಶತ್ರುವಿಗೆ ಸುಲಭ ತುತ್ತು ಎಂಬ ಮಾತನ್ನು ಒಪ್ಪುತ್ತೇನೆ. 1995ರಲ್ಲಿ ಒಂದು ಎಕ್ಸ್-31 ಬಿದ್ದದ್ದೂ ನಿಜ. ಅದಕ್ಕೆ ಕಾರಣ ವೇಗ ಅಳೆಯುವ ನಳಿಕೆಯಲ್ಲಿ ಕಟ್ಟಿದ ಮಂಜುಗಡ್ಡೆ, ಹಲಗೆಗಳಲ್ಲ. ಎಫ್-18ರ ಎದುರಿನ ಅಣಕು ಕಾಳಗಗಳಲ್ಲಿ ಹೆಚ್ಚಿನವನ್ನು ಎಕ್ಸ್-31 ಗೆದ್ದಿತು. 2003ರಲ್ಲಿ ಉಳಿದ ಇನ್ನೊಂದು, 24 ಡಿಗ್ರಿ ಕೋನದಲ್ಲಿ ಮೂತಿ ಎತ್ತಿಕೊಂಡೇ ಬಂದು, ನೆಲ ಮುಟ್ಟುವ ಮುನ್ನ ತಗ್ಗಿಸಿ, ವಾಡಿಕೆಗಿಂತ ಬಹಳ ಕಡಿಮೆ ವೇಗದಲ್ಲಿ ಇಳಿಯಿತು. ಚಿಕ್ಕ ಓಡುದಾರಿಯಲ್ಲೂ ಇಳಿಯಬಲ್ಲ ವಿದ್ಯೆಯನ್ನು ಸರ್ಕಸ್ಸು ಎನ್ನಲಾಗದು.

ನಮ್ಮ ಸುಖೋಯ್-30 ಎಂಕೆಐಗೆ ತಿರುಗುವ ನಾಝಲ್‌ಗಳಿವೆ. ಅದರ ಬಗ್ಗೆ ಹೆಮ್ಮೆ ಇರಲಿ. ಹಾಕ್‌ನ ನಾಝಲ್ ತಿರುಗುವುದಿಲ್ಲವೆಂದು ಆ ಹುಡುಗರಿಗೆ ನೇರವಾಗಿ ಹೇಳೋಣ. ಮುಂದಿನ ಯಲಹಂಕ ಪ್ರದರ್ಶನದ ವರದಿ ಬರೆಯುವವರು, ಹೆಡೆ ಎತ್ತಿದ ಮೇಲೆ ವಿಮಾನ ಯಾವ ಕಡೆ ತಿರುಗಿತು ಎಂಬುದನ್ನೂ ದಯವಿಟ್ಟು ಬರೆಯಲಿ.