ಸುದ್ದಿಚಿತ್ರದ ಔಚಿತ್ಯ: ಒಂದು ವಿವೇಚನೆ

ಭಾರತೀಯ ಕಾವ್ಯಮೀಮಾಂಸೆಯ ಪ್ರಮುಖ ಪರಿಕಲ್ಪನೆಗಳಲ್ಲಿ ಔಚಿತ್ಯವೂ ಒಂದು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಅದನ್ನು ಕಾವ್ಯದ ಜೀವಿತವೆಂದೇ ಎಣಿಸಿದನು. ಪತ್ರಿಕೆಯಲ್ಲಿ ಅಚ್ಚಾಗುವ ಛಾಯಾಚಿತ್ರದ ಸಂದರ್ಭದಲ್ಲಿಯೂ ಉಚಿತ, ಅನುಚಿತ ಎಂಬ ಮಾತುಗಳೇ ಬಳಕೆಯಲ್ಲಿವೆ. ಆದರೆ ಇವೆರಡು ಔಚಿತ್ಯಗಳ ನಡುವೆ ಮೂಲಭೂತವಾದ ವ್ಯತ್ಯಾಸವಿದೆ. ಕಾವ್ಯದಲ್ಲಿ ದುಃಖವು ಸಾಧಾರಣೀಕರಣಗೊಂಡು, ಯಾರೊಬ್ಬರದೂ ಆಗಿ ಉಳಿಯದೆ, ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ಸುದ್ದಿಚಿತ್ರದಲ್ಲಿ ದುಃಖಕ್ಕೆ ಒಡೆಯರಿರುತ್ತಾರೆ. ಚಿತ್ರವು ಲೋಕಪ್ರಸಿದ್ಧವಾದ ಮೇಲೂ ಅವರು ಅದರೊಡನೆ ಬದುಕಬೇಕಾಗುತ್ತದೆ.

1972ರ ಜೂನ್ 8ರಂದು ದಕ್ಷಿಣ ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಗ್ರಾಮದ ಬಳಿ ತೆಗೆದ ಚಿತ್ರವು ಇದಕ್ಕೆ ನಿದರ್ಶನ. ನಪಾಮ್ ಬಾಂಬಿನಿಂದ ಸುಟ್ಟ ಒಂಬತ್ತು ವರ್ಷದ ಬಾಲಕಿ ಕಿಮ್ ಫುಕ್ ಅದರಲ್ಲಿ ವಿವಸ್ತ್ರಳಾಗಿ ಓಡಿಬರುತ್ತಿದ್ದಾಳೆ. ನಗ್ನತೆಯ ಕಾರಣದಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ನಿಯಮಕ್ಕೆ ಈ ಚಿತ್ರ ವಿರುದ್ಧವಾಗಿತ್ತು. ಸೈಗಾನ್ ಕಚೇರಿಯ ಚಿತ್ರಸಂಪಾದಕ ಹೋರ್ಸ್ಟ್ ಫಾಸ್ ವಾದಿಸಿ ಅದಕ್ಕೆ ವಿನಾಯಿತಿ ಪಡೆದನು. ಬಾಲಕಿಯೊಬ್ಬಳನ್ನೇ ಬೇರ್ಪಡಿಸಿ ಸಮೀಪಚಿತ್ರವಾಗಿಸಬಾರದೆಂಬ ನಿಬಂಧನೆ ಅದಕ್ಕಿತ್ತು. ಈ ನಿಬಂಧನೆ ನಿಯಮಕ್ಕಿಂತ ಸೂಕ್ಷ್ಮವಾದುದು. ಹಿಂದಿನ ಹೊಗೆ, ಸೈನಿಕರು, ಜೊತೆಯ ಮಕ್ಕಳು ಇರುವವರೆಗೆ ಆ ದೇಹವು ಯುದ್ಧದ ಸಾಕ್ಷ್ಯ. ಅವೆಲ್ಲ ಇಲ್ಲವಾದರೆ ಅದು ಕೇವಲ ನೋಟದ ವಸ್ತು.

ಚಿತ್ರಕ್ಕೆ 1973ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 2016ರಲ್ಲಿ ಫೇಸ್‌ಬುಕ್ ಇದೇ ಚಿತ್ರವನ್ನು ನಗ್ನತೆಯ ನಿಯಮದಡಿ ಅಳಿಸಿಹಾಕಿ, ನಾರ್ವೆಯ 'ಆಫ್ಟನ್‌ಪೋಸ್ಟನ್' ಪತ್ರಿಕೆಯ ಸಂಪಾದಕನ ಬಹಿರಂಗ ಪ್ರತಿಭಟನೆಯ ನಂತರ ಮರಳಿ ಅವಕಾಶ ನೀಡಿತು. 2025ರಲ್ಲಿ ಚಿತ್ರಗ್ರಾಹಕ ಯಾರೆಂಬ ವಿವಾದವೆದ್ದು, ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ನಿಕ್ ಉಟ್ ಹೆಸರನ್ನು ತಡೆಹಿಡಿಯಿತು. ಅಸೋಸಿಯೇಟೆಡ್ ಪ್ರೆಸ್ ಅದನ್ನು ಉಳಿಸಿಕೊಂಡಿತು. ಒಂದು ಚರ್ಚೆ ಓದುಗನ ಸಭ್ಯತೆಯನ್ನು, ಇನ್ನೊಂದು ಚಿತ್ರದ ಕರ್ತೃತ್ವವನ್ನು ಕುರಿತದ್ದು. ಚಿತ್ರದೊಳಗಿನ ವ್ಯಕ್ತಿಯ ಪ್ರಶ್ನೆ ಎರಡರಿಂದಲೂ ಹೊರಗುಳಿಯುತ್ತದೆ. ಆ ಚಿತ್ರದ ಬಗ್ಗೆ ತನಗಿದ್ದ ನಾಚಿಕೆಯನ್ನೂ ಕಾಲಾನಂತರದಲ್ಲಿ ಅದನ್ನು ಒಪ್ಪಿಕೊಂಡ ಬಗೆಯನ್ನೂ ಕಿಮ್ ಫುಕ್ ಸ್ವತಃ ಹೇಳಿಕೊಂಡಿದ್ದಾರೆ. ವಿಯೆಟ್ನಾಂ ಸರ್ಕಾರ ತಮ್ಮನ್ನು ಪ್ರಚಾರಕ್ಕೆ ಬಳಸಿಕೊಂಡದ್ದರಿಂದ ಬೇಸತ್ತು ಅವರು 1992ರಲ್ಲಿ ಕೆನಡಾದಲ್ಲಿ ಆಶ್ರಯ ಪಡೆದರು. ಪ್ರಕಟಣೆ ಸಮರ್ಥನೀಯವಾಗಿತ್ತು, ಆದರೆ ಅದರ ಬೆಲೆ ತೆತ್ತವರು ಸಂಪಾದಕರಲ್ಲ.

ಭೋಪಾಲದ ಚಿತ್ರ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. 1984ರ ಡಿಸೆಂಬರ್‌ನ ಅನಿಲ ದುರಂತದ ನಂತರ ಮಣ್ಣಾಗುತ್ತಿದ್ದ ಅನಾಮಿಕ ಶಿಶುವಿನ ಮುಖವನ್ನು ರಘು ರಾಯ್ ಕಪ್ಪುಬಿಳುಪಿನಲ್ಲಿ, ಪಾಬ್ಲೊ ಬಾರ್ಥಲೊಮ್ಯೂ ವರ್ಣದಲ್ಲಿ ಸೆರೆಹಿಡಿದರು. ಎರಡನೆಯದು ವರ್ಲ್ಡ್ ಪ್ರೆಸ್ ಫೋಟೋದ ವರ್ಷದ ಚಿತ್ರವಾಯಿತು. ಸಾವಿನ ಸಂಖ್ಯೆಗಳು ಹೇಳಲಾರದುದನ್ನು ಆ ಮುಖ ಹೇಳಿತೆಂಬುದು ನಿಜ. ಆದರೆ ಇಲ್ಲಿ ಚಿತ್ರದೊಳಗಿನ ಶಿಶುವಿನ ಅನುಮತಿ ಕೇಳಲು ಸಾಧ್ಯವಿರಲಿಲ್ಲ. ಮುಂದೊಂದು ದಿನ ಆಕ್ಷೇಪಿಸಲು, ಕ್ಷಮಿಸಲು ಆ ಶಿಶುವಿಗೆ ಬದುಕೇ ಉಳಿಯಲಿಲ್ಲ.

2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ಅಪರಾಧಕ್ಕೆ ಬಲಿಯಾದ ಮಗುವಿನ ಗುರುತು ತಿಳಿಯುವಂತೆ ಚಿತ್ರ ಪ್ರಕಟಿಸುವುದನ್ನು ನಿಷೇಧಿಸಿದೆ. ಕಾನೂನು ಕನಿಷ್ಠ ಮಿತಿಯನ್ನು ಹಾಕಿಕೊಡುತ್ತದೆಯೇ ಹೊರತು ಔಚಿತ್ಯವನ್ನು ನಿರ್ಣಯಿಸಿಕೊಡುವುದಿಲ್ಲ. ಚಿತ್ರವನ್ನು ಏಕೆ ಪ್ರಕಟಿಸಲಾಯಿತೆಂಬುದನ್ನು ಅದರೊಳಗಿರುವವರ, ಇಲ್ಲವೇ ಅವರ ಬಂಧುಗಳ ಎದುರು ನಿಂತು ಹೇಳಲು ಸಾಧ್ಯವೇ ಎಂಬುದೇ ಸಂಪಾದಕೀಯ ವಿವೇಕದ ನಿಜವಾದ ಒರೆಗಲ್ಲು. ಕೇಳುವವರು ಯಾರೂ ಉಳಿಯದ ಕಡೆ ಈ ಹೊಣೆ ಕಡಿಮೆಯಾಗುವುದಿಲ್ಲ, ಇಮ್ಮಡಿಯಾಗುತ್ತದೆ.